ತಡೆದು ನಿಂತ ಚಿಕಿತ್ಸೆ: ಮಹಾಮಾರಿಯ ಕಾಲದಲ್ಲಿ ಸಂತಾನಾಪೇಕ್ಷಿಗಳು

ಮಹಾಮಾರಿಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸತ್ತವರ ಲೆಕ್ಕದಿಂದ ಆರಂಭಿಸುತ್ತಾರೆ. ಅದು ಸಹಜವೂ ಹೌದು. ಆದರೆ ಪ್ರತಿಯೊಂದು ಮಹಾಮಾರಿಯೂ ಇನ್ನೊಂದು ಲೆಕ್ಕವನ್ನು ಉಳಿಸಿ ಹೋಗುತ್ತದೆ. ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರ ಲೆಕ್ಕ ಅದು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ತುತ್ತಾದವರಲ್ಲಿ ತರುಣ ವಯಸ್ಸಿನ ಸ್ತ್ರೀಪುರುಷರು ಬಹುಸಂಖ್ಯೆಯಲ್ಲಿದ್ದರು. ಮರುವರ್ಷ ಜನನಗಳೂ ಕುಸಿದವು. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಂತಹ ದಶಕ ಅದೊಂದೇ.

ಅಂದು ಮಕ್ಕಳಾಗದ ದಂಪತಿಗಳಿಗೆ ವೈದ್ಯಶಾಸ್ತ್ರವು ನೀಡಬಲ್ಲ ನೆರವು ಅತ್ಯಲ್ಪವಾಗಿತ್ತು. ಆದ್ದರಿಂದ ನಿಲ್ಲಿಸಬೇಕಾದ ಚಿಕಿತ್ಸೆಯೂ ಇರಲಿಲ್ಲ. ಒಂದು ಶತಮಾನದ ಅನಂತರ, 2020ರಲ್ಲಿ ಕೊರೊನಾ ಮಹಾಮಾರಿ ಬಂದಾಗ ಸ್ಥಿತಿ ಬೇರೆಯಾಗಿತ್ತು. ಮಗುವನ್ನು ಪಡೆಯಲು ವೈದ್ಯರ ನೆರವು ಕೋರಿ ಲಕ್ಷಾಂತರ ದಂಪತಿಗಳು ಆಸ್ಪತ್ರೆಗಳ ಮೆಟ್ಟಿಲು ಹತ್ತಿದ್ದರು. ಇವರ ಚಿಕಿತ್ಸೆ ಕಾಯಬಹುದೇ, ಕಾಯಬಹುದಾದರೆ ಎಷ್ಟು ಕಾಲ, ಹಾಗೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳು ಆಗ ಎದುರಾದವು. ಆಸ್ಪತ್ರೆಯ ಹಾಸಿಗೆ, ವೈದ್ಯರು, ಹಣ ಇವೆಲ್ಲವೂ ಮಿತವಾಗಿರುವ ಭಾರತದಂತಹ ದೇಶದಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರವು ವೈದ್ಯಕೀಯ ಚರಿತ್ರೆಯ ಭಾಗವಾಗಿರುವಷ್ಟೇ ನೀತಿವಿಚಾರದ ಭಾಗವೂ ಆಗಿದೆ.

ಚಿಕಿತ್ಸೆಯ ಹಿಂದಿನ ಕಥೆ

ಪ್ರನಾಳ ಶಿಶುವಿನ ವಿಜ್ಞಾನದಲ್ಲಿ ಭಾರತ ಹಿಂದೆ ಬಿದ್ದ ದೇಶವೇನಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಎಂಬಲ್ಲಿ 1978ರ ಜುಲೈ 25ರಂದು ಜನಿಸಿತು. ಅದಾದ ಕೆಲವೇ ವಾರಗಳಲ್ಲಿ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಅವರು ಭ್ರೂಣವನ್ನು 53 ದಿನಗಳ ಕಾಲ ಹೆಪ್ಪುಗಟ್ಟಿಸಿಟ್ಟು ಆಮೇಲೆ ತಾಯಿಯ ಗರ್ಭಕ್ಕೆ ಸೇರಿಸಿದ್ದರು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವಮಾನವನ್ನೂ ವರ್ಗಾವಣೆಯನ್ನೂ ಅನುಭವಿಸಿದ ಆ ವೈದ್ಯರು 1981ರ ಜೂನ್ 19ರಂದು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಹಾಗೂ ಡಾ. ಟಿ.ಸಿ. ಆನಂದ ಕುಮಾರ್ ಅವರ ಶ್ರಮದಿಂದ ಜನಿಸಿದ ಮಗುವನ್ನೇ ಭಾರತದ ಮೊದಲ ಪ್ರನಾಳ ಶಿಶುವೆಂದು ಬಹುಕಾಲ ಕರೆಯಲಾಗುತ್ತಿತ್ತು. ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, ಆ ಗೌರವ ತಮಗಿಂತ ಮೊದಲು ಅವರಿಗೇ ಸಲ್ಲಬೇಕೆಂದು 1997ರಲ್ಲಿ ಲೋಕಕ್ಕೆ ಸಾರಿದವರು ಸ್ವತಃ ಆನಂದ ಕುಮಾರ್. ತಮ್ಮ ಕೀರ್ತಿಗೇ ಕುಂದು ಬರುವುದೆಂದು ತಿಳಿದೂ ಸತ್ಯವನ್ನು ನುಡಿದ ಈ ವಿಜ್ಞಾನಿ ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ನೆಲೆಸಿ, ಅಲ್ಲಿಯೇ ಸಂತಾನಹೀನತೆಯ ಚಿಕಿತ್ಸಾಲಯವೊಂದನ್ನು ನಡೆಸಿದರು.

ವಿಜ್ಞಾನ ಬೆಳೆದಂತೆ ಅದರ ಫಲ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ. 2020ರ ವೇಳೆಗೆ ಇಂತಹ ಕೇಂದ್ರಗಳು ಬಹುತೇಕ ಖಾಸಗಿಯಾಗಿದ್ದು, ದೊಡ್ಡ ನಗರಗಳಲ್ಲಿಯೇ ನೆಲೆಗೊಂಡಿದ್ದವು. ಈ ಸೌಲಭ್ಯವಿದ್ದ ಸರ್ಕಾರಿ ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ಆರೋಗ್ಯ ವಿಮೆಯ ಬಹುಪಾಲು ಯೋಜನೆಗಳು ಈ ಖರ್ಚನ್ನು ಭರಿಸುತ್ತಿರಲಿಲ್ಲ. ಹೊಲ ಅಡವಿಟ್ಟು, ಒಡವೆ ಮಾರಿ, ಬಂಧುಗಳಲ್ಲಿ ಸಾಲ ಮಾಡಿ ಚಿಕಿತ್ಸೆಗೆ ಬಂದವರು ಅನೇಕರು.

ಈ ಚಿಕಿತ್ಸೆಯ ಸ್ವರೂಪವನ್ನು ತಿಳಿಯದೆ ಮುಂದಿನ ಸಂಗತಿಗಳು ಅರ್ಥವಾಗುವುದಿಲ್ಲ. ಸ್ತ್ರೀಗೆ ಸುಮಾರು ಹತ್ತು ಹನ್ನೆರಡು ದಿನ ಪ್ರತಿನಿತ್ಯ ಚುಚ್ಚುಮದ್ದು ಕೊಟ್ಟು ಅಂಡಾಣುಗಳನ್ನು ಬೆಳೆಸುತ್ತಾರೆ. ಅವು ಪಕ್ವವಾದ ಗಳಿಗೆಯಲ್ಲಿಯೇ ಅವುಗಳನ್ನು ಹೊರತೆಗೆಯಬೇಕು. ಪ್ರಯೋಗಶಾಲೆಯಲ್ಲಿ ವೀರ್ಯಾಣುವಿನೊಡನೆ ಸಂಯೋಗ ಮಾಡಿಸಿ, ಉಂಟಾದ ಭ್ರೂಣವನ್ನು ಮೂರರಿಂದ ಐದು ದಿನಗಳಲ್ಲಿ ಗರ್ಭಾಶಯಕ್ಕೆ ಸೇರಿಸಬೇಕು. ಇಲ್ಲವೇ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಾಡಬೇಕು. ನಡುವೆ ಒಂದು ದಿನ ತಪ್ಪಿದರೂ ಅದುವರೆಗಿನ ಹಣವೂ ದೇಹದಂಡನೆಯೂ ವ್ಯರ್ಥವಾಗಬಹುದು.

ಬಾಗಿಲು ಮುಚ್ಚಿದ ದಿನಗಳು

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಮಹಾಮಾರಿ ಎಂದು ಘೋಷಿಸಿತು. ಮಾರ್ಚ್ 17ರಂದು ಅಮೆರಿಕದ ಸಂತಾನವೈದ್ಯರ ಸಂಘವು ಹೊಸ ಚಿಕಿತ್ಸೆಗಳನ್ನು ಆರಂಭಿಸಬಾರದೆಂದು ಸಲಹೆ ನೀಡಿತು. ಅದರ ಬೆನ್ನಲ್ಲೇ ಯೂರೋಪಿನ ಸಂಘವೂ ಅದೇ ಮಾತನ್ನು ಹೇಳಿತು. ಮಾರ್ಚ್ 25ರಿಂದ ಭಾರತದಲ್ಲಿ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದು, ಅದು ಹಂತಹಂತವಾಗಿ ಮೇ 31ರವರೆಗೆ ಮುಂದುವರಿಯಿತು.

ಚಿಕಿತ್ಸೆಯನ್ನು ನಿಲ್ಲಿಸಲು ವೈದ್ಯರು ಕೊಟ್ಟ ಕಾರಣಗಳು ಹುರುಳಿಲ್ಲದವಾಗಿರಲಿಲ್ಲ. ಹೊಸ ರೋಗವು ಗರ್ಭಿಣಿಗೂ ಗರ್ಭಸ್ಥ ಶಿಶುವಿಗೂ ಏನು ಮಾಡಬಲ್ಲದೆಂಬುದು ಆಗ ತಿಳಿದಿರಲಿಲ್ಲ. ಮುಖಗವಸು, ರಕ್ಷಣಾ ಉಡುಪುಗಳಿಗೆ ದೇಶದಲ್ಲೆಲ್ಲ ಅಭಾವವಿತ್ತು. ಚುಚ್ಚುಮದ್ದಿನ ಪರಿಣಾಮವಾಗಿ ಕೆಲವು ಸ್ತ್ರೀಯರಲ್ಲಿ ಅಂಡಾಶಯಗಳು ಮಿತಿಮೀರಿ ಊದಿಕೊಂಡು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಸೋಂಕಿತರಿಗೇ ಹಾಸಿಗೆ ಸಾಲದ ಹೊತ್ತಿನಲ್ಲಿ ಅಂತಹ ಅಪಾಯವನ್ನು ತಂದುಕೊಳ್ಳುವುದು ವಿವೇಕವಲ್ಲ. ಆಗಲೇ ಚಿಕಿತ್ಸೆಯ ನಡುವಿನಲ್ಲಿದ್ದವರು ಅದನ್ನು ಪೂರೈಸಿ ಭ್ರೂಣಗಳನ್ನು ಹೆಪ್ಪುಗಟ್ಟಿಸಿಡಲು ಅವಕಾಶವಿತ್ತು. ಕ್ಯಾನ್ಸರ್ ಚಿಕಿತ್ಸೆಗೆ ಹೊರಟವರ ಅಂಡಾಣು ಅಥವಾ ವೀರ್ಯವನ್ನು ಮುಂಚಿತವಾಗಿ ಕಾದಿಡುವ ಕಾರ್ಯಕ್ಕೂ ವಿನಾಯಿತಿಯಿತ್ತು. ನಾಲ್ಕು ದಶಕಗಳ ಹಿಂದೆ ಕಲ್ಕತ್ತೆಯಲ್ಲಿ ಯಾರೂ ನಂಬದೆ ಹೋದ ಹೆಪ್ಪುಗಟ್ಟಿಸುವ ವಿದ್ಯೆಯೇ ಈ ಸಂಕಟದ ದಿನಗಳಲ್ಲಿ ಅನೇಕರ ಆಶಾಜೀವವನ್ನು ಉಳಿಸಿತೆಂಬುದು ಸ್ಮರಣೀಯ.

ಸಲಹೆ ಎಲ್ಲ ದೇಶಗಳಿಗೂ ಒಂದೇ ಆಗಿದ್ದರೂ ಅದರ ಭಾರ ಒಂದೇ ಆಗಿರಲಿಲ್ಲ. ಭಾರತದಲ್ಲಿ ಪ್ರಯಾಣಿಕ ರೈಲುಗಳೂ ಬಸ್ಸುಗಳೂ ನಿಂತವು. ನಗರದಲ್ಲಿ ಸ್ವಂತ ವಾಹನವಿದ್ದವರು ಹೇಗೋ ವೈದ್ಯರನ್ನು ತಲುಪಬಹುದಾಗಿತ್ತು; ಜಿಲ್ಲೆಯ ಮೂಲೆಯ ಹಳ್ಳಿಯಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ನಗರದ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಿದ್ದವರಿಗೆ ದಾರಿಯೇ ಇಲ್ಲವಾಯಿತು. ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳು ಕೋವಿಡ್ ವಾರ್ಡುಗಳಾದವು. ಅಲ್ಲಿನ ವೈದ್ಯರೂ ದಾದಿಯರೂ ಆ ಕೆಲಸಕ್ಕೆ ನಿಯೋಜಿತರಾದರು. ಅದೇ ಮಾರ್ಚ್ 25ರಂದು ಕೇಂದ್ರ ಸರ್ಕಾರ ದೂರವೈದ್ಯ ಸೇವೆಯ ನಿಯಮಾವಳಿಯನ್ನು ಪ್ರಕಟಿಸಿದ್ದರಿಂದ ದೂರವಾಣಿಯಲ್ಲಿ ಸಲಹೆ ಪಡೆಯಲು ಸಾಧ್ಯವಾಯಿತು. ಆದರೆ ಸ್ಕ್ಯಾನಿಂಗ್ ಆಗಲಿ ಅಂಡಾಣು ತೆಗೆಯುವ ಕ್ರಿಯೆಯಾಗಲಿ ದೂರವಾಣಿಯಲ್ಲಿ ನಡೆಯುವಂಥದ್ದಲ್ಲ.

ಏಪ್ರಿಲ್ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಘಗಳು ಎಚ್ಚರಿಕೆಯಿಂದ ಪುನರಾರಂಭಿಸಲು ಸಮ್ಮತಿಸಿದವು. ಭಾರತದಲ್ಲಿಯೂ ಸಂತಾನವೈದ್ಯರ ಎರಡು ಸಂಘಗಳು ಹಾಗೂ ಭ್ರೂಣತಜ್ಞರ ಸಂಘವು ಒಟ್ಟಾಗಿ ಕಲೆತು ಪುನರಾರಂಭದ ಮಾರ್ಗಸೂಚಿಯನ್ನು ರೂಪಿಸಿದವು. ಕೇಂದ್ರಗಳು ತೆರೆದುಕೊಂಡಾಗ ಖರ್ಚು ಮೊದಲಿಗಿಂತ ಏರಿತ್ತು. ಖಾಸಗಿ ಪ್ರಯೋಗಶಾಲೆಯಲ್ಲಿ ಒಂದು ಕೋವಿಡ್ ಪರೀಕ್ಷೆಗೆ ಮೊದಲು ಗೊತ್ತುಪಡಿಸಿದ ಗರಿಷ್ಠ ದರವೇ 4,500 ರೂಪಾಯಿ. ರಕ್ಷಣಾ ಉಡುಪಿನ ವೆಚ್ಚವೂ ರೋಗಿಯ ಮೇಲೆಯೇ ಬಿತ್ತು. ಕೆಲಸ ಕಳೆದುಕೊಂಡ, ಅಂಗಡಿ ಮುಚ್ಚಿದ ದಂಪತಿಗಳ ಪಾಲಿಗೆ ಬಾಗಿಲು ತೆರೆದರೂ ಮುಚ್ಚಿದಂತೆಯೇ ಇತ್ತು.

‘ಐಚ್ಛಿಕ’ ಎಂಬ ಒಂದು ಪದ

ಆ ದಿನಗಳಲ್ಲಿ ಆಸ್ಪತ್ರೆಗಳು ತಮ್ಮ ಕಾರ್ಯಗಳನ್ನು ತುರ್ತು ಮತ್ತು ಐಚ್ಛಿಕ ಎಂದು ಎರಡಾಗಿ ವಿಂಗಡಿಸಿದವು. ಸಂತಾನಹೀನತೆಯ ಚಿಕಿತ್ಸೆ ಐಚ್ಛಿಕದ ಪಟ್ಟಿಗೆ ಸೇರಿತು. ಪ್ರಾಣಾಪಾಯವಿಲ್ಲದ್ದು ಕಾಯಲಿ ಎಂಬುದು ಇದರ ಹಿಂದಿನ ತರ್ಕ. ಪ್ರಾಣ ಉಳಿಸುವ ಕಾರ್ಯಕ್ಕೆ ಮೊದಲ ಸ್ಥಾನ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಣಾಪಾಯವಿಲ್ಲದ ಎಲ್ಲವೂ ಕೆಡದೆ ಕಾಯಬಲ್ಲವೇ ಎಂಬುದನ್ನು ವಿಚಾರಿಸಬೇಕು.

ಸ್ತ್ರೀಯ ಅಂಡಾಣುಗಳ ಸಂಖ್ಯೆಯೂ ಗುಣವೂ ವಯಸ್ಸಿನೊಡನೆ ಕುಗ್ಗುತ್ತವೆ. ಮೂವತ್ತೈದರ ಬಳಿಕ ಈ ಇಳಿತ ತೀವ್ರವಾಗುತ್ತದೆ. ಅಂಡಾಣುಗಳ ಸಂಗ್ರಹ ಕಡಿಮೆಯಾದ ಸ್ತ್ರೀಯರಲ್ಲಿಯೂ ಆರು ತಿಂಗಳವರೆಗಿನ ವಿಳಂಬದಿಂದ ಫಲಿತಾಂಶ ಗಮನಾರ್ಹವಾಗಿ ಕೆಡಲಿಲ್ಲವೆಂದು 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಇದು ಸಮಾಧಾನದ ಸಂಗತಿ. ಆದರೆ ಈ ಮಾತಿಗೆ ಆರು ತಿಂಗಳ ಎಲ್ಲೆಯಿದೆ. ಅನುಕೂಲಸ್ಥರ ಚಿಕಿತ್ಸೆ ಎರಡು ಮೂರು ತಿಂಗಳು ತಡವಾಗಿ ಮತ್ತೆ ಮುಂದುವರಿಯಿತು. ಲಾಕ್‌ಡೌನ್, ಆದಾಯನಷ್ಟ, ಮರುವರ್ಷದ ಎರಡನೆಯ ಅಲೆ ಇವೆಲ್ಲವನ್ನೂ ದಾಟಿ, ಮತ್ತೆ ಹಣ ಕೂಡಿಸಿಕೊಂಡು ಬರಬೇಕಾದವರಿಗೆ ಎರಡು ಮೂರು ವರ್ಷಗಳೇ ಕಳೆದುಹೋಗುವ ಸ್ಥಿತಿ. ಮೂವತ್ತೆಂಟರ ಸ್ತ್ರೀ ನಲವತ್ತೊಂದನ್ನು ಮುಟ್ಟುವಷ್ಟರಲ್ಲಿ ಐಚ್ಛಿಕವೆನಿಸಿದ್ದು ಅಸಾಧ್ಯವಾಗಿರಬಹುದು. ಒಂದೇ ಆದೇಶವು ಒಬ್ಬರಿಗೆ ವಿಳಂಬವಾಗಿಯೂ ಮತ್ತೊಬ್ಬರಿಗೆ ಶಾಶ್ವತ ನಷ್ಟವಾಗಿಯೂ ಪರಿಣಮಿಸುತ್ತದೆ.

ಇದರೊಡನೆ ಸಮಾಜದ ನಡವಳಿಕೆಯನ್ನೂ ಸೇರಿಸಿ ನೋಡಬೇಕು. ಮಕ್ಕಳಿಲ್ಲದ ಹೆಣ್ಣನ್ನು ಸೀಮಂತಕ್ಕೆ ಕರೆಯದ, ತೊಟ್ಟಿಲ ಬಳಿಗೆ ಸೇರಿಸದ ಮನೆಗಳು ಇಂದಿಗೂ ಇವೆ. ದೋಷವು ಗಂಡಸಿನಲ್ಲಿದ್ದರೂ ಬಂಜೆಯೆಂಬ ಮಾತು ಬೀಳುವುದು ಹೆಂಡತಿಯ ಮೇಲೆಯೇ. ಅಂತಹ ಮನೆಯಲ್ಲಿ ಹೊರಗೆ ಕಾಲಿಡಲಾರದೆ ತಿಂಗಳುಗಟ್ಟಲೆ ಕುಳಿತವಳ ಪಾಲಿಗೆ ‘ಇದೇನು ತುರ್ತಲ್ಲ’ ಎಂಬ ಮಾತು ಎಷ್ಟು ಭಾರವಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯ ಅಲೆಯ ಧರ್ಮಸಂಕಟಗಳು

2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಉಕ್ಕಿತು. ಆಮ್ಲಜನಕಕ್ಕಾಗಿ ದೇಶವೇ ಪರದಾಡಿತು. ಏಪ್ರಿಲ್ 22ರಿಂದ ಕೈಗಾರಿಕೆಗಳಿಗೆ, ಕೆಲವನ್ನು ಬಿಟ್ಟು, ಆಮ್ಲಜನಕದ ಪೂರೈಕೆ ನಿಂತಿತು. ಏಪ್ರಿಲ್ 25ರಂದು ದ್ರವ ಆಮ್ಲಜನಕವನ್ನು ಚಿಕಿತ್ಸೆಯ ಹೊರತು ಬೇರಾವುದಕ್ಕೂ ಬಳಸಬಾರದೆಂಬ ಆಜ್ಞೆ ಹೊರಟಿತು. ದ್ರವ ಸಾರಜನಕ ಹಾಗೂ ಆರ್ಗಾನ್ ಸಾಗಿಸುವ ಟ್ಯಾಂಕರುಗಳನ್ನು ಆಮ್ಲಜನಕದ ಸಾಗಣೆಗೆ ಮಾರ್ಪಡಿಸಲಾಯಿತು. ಸಾರಜನಕ ತಯಾರಿಸುವ ಕೆಲವು ಘಟಕಗಳನ್ನೂ ಆಮ್ಲಜನಕ ತಯಾರಿಸುವಂತೆ ಬದಲಾಯಿಸಲು ಕ್ರಮ ಕೈಗೊಳ್ಳಲಾಯಿತು.

ಎರಡೂ ಅನಿಲಗಳು ದೊರೆಯುವುದು ಒಂದೇ ಗಾಳಿಯಿಂದ. ಒಂದು ಉಸಿರು ನಿಲ್ಲುತ್ತಿರುವವರನ್ನು ಉಳಿಸುತ್ತದೆ. ಮತ್ತೊಂದು ಭ್ರೂಣಗಳನ್ನು ಕಾಪಾಡುತ್ತದೆ. ಪಾತ್ರೆಯಲ್ಲಿರುವ ದ್ರವ ಸಾರಜನಕ ದಿನದಿನವೂ ಆವಿಯಾಗುತ್ತಿರುವುದರಿಂದ ಅದನ್ನು ಆಗಾಗ ತುಂಬುತ್ತಲೇ ಇರಬೇಕು. ಚಿಕಿತ್ಸೆಯನ್ನು ನಿಲ್ಲಿಸಿದರೂ ಈ ಪಾಲನೆಯನ್ನು ನಿಲ್ಲಿಸುವಂತಿಲ್ಲ. ಸಾಯುತ್ತಿರುವವರ ಉಸಿರಿಗೆ ಪ್ರಥಮ ಸ್ಥಾನ ಕೊಟ್ಟದ್ದು ನ್ಯಾಯವೇ. ಆದರೆ ಒಮ್ಮೆ ಕಾಪಾಡುತ್ತೇವೆಂದು ವಹಿಸಿಕೊಂಡದ್ದನ್ನು ಕಷ್ಟಕಾಲದಲ್ಲಿಯೂ ಕಾಪಾಡುವುದು ಆ ಕೇಂದ್ರಗಳ ಹೊಣೆಯಾಗಿತ್ತು. ವಾಹನಸಂಚಾರ ಸ್ಥಗಿತವಾದ ದಿನಗಳಲ್ಲಿಯೂ ಪಾತ್ರೆಗಳ ಮಟ್ಟ ನೋಡಲು ಹೋಗಿಬರುತ್ತಿದ್ದ ಪ್ರಯೋಗಶಾಲೆಯ ಸಿಬ್ಬಂದಿಯ ಸೇವೆ ಯಾವ ಪ್ರಶಸ್ತಿಪತ್ರದಲ್ಲಿಯೂ ದಾಖಲಾಗುವಂಥದ್ದಲ್ಲ.

ಲಸಿಕೆಯ ವಿಷಯದಲ್ಲಿ ಮತ್ತೊಂದು ತೊಡಕಿತ್ತು. 2021ರ ಜನವರಿ 16ರಂದು ಲಸಿಕೆ ನೀಡಿಕೆ ಆರಂಭವಾದಾಗ ಗರ್ಭಿಣಿಯರನ್ನು ಹೊರಗಿಡಲಾಗಿತ್ತು. ಅವರಿಗೆ ಅನುಮತಿ ದೊರೆತದ್ದು ಜುಲೈ 2ರಂದು. ಗರ್ಭ ನಿಂತರೆ ಲಸಿಕೆಯಿಲ್ಲ, ಲಸಿಕೆಗೆ ಕಾದರೆ ವಯಸ್ಸು ನಿಲ್ಲುವುದಿಲ್ಲ ಎಂಬ ಇಕ್ಕಟ್ಟು ಆ ಐದೂವರೆ ತಿಂಗಳು ಇದ್ದಿತು. ಎರಡನೆಯ ಅಲೆ ಎದ್ದದ್ದೂ ಇದೇ ಅವಧಿಯಲ್ಲಿ. ಇದರ ಮೇಲೆ, ಲಸಿಕೆಯಿಂದಲೇ ಬಂಜೆತನ ಬರುತ್ತದೆಂಬ ಗಾಳಿಮಾತು ಹಬ್ಬಿತು. ಸರ್ಕಾರ ಅದನ್ನು ನಿರಾಧಾರವೆಂದು ಸ್ಪಷ್ಟಪಡಿಸಿತು. ಮುಂದಿನ ಅಧ್ಯಯನಗಳೂ ಅದಕ್ಕೆ ಆಧಾರವಿಲ್ಲವೆಂದೇ ಸಾರಿದವು.

ಅದೇ ಜುಲೈ ತಿಂಗಳಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯದ ಮುಂದೆ ಒಂದು ಅಪೂರ್ವ ಅರ್ಜಿ ಬಂದಿತು. ಕೋವಿಡ್‌ನಿಂದ ಅಂಗಾಂಗಗಳು ಸೋತು ವಡೋದರದ ಆಸ್ಪತ್ರೆಯೊಂದರಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಪತಿಯ ವೀರ್ಯವನ್ನು ಸಂಗ್ರಹಿಸಿಡಬೇಕೆಂದು ಪತ್ನಿ ಕೋರಿದ್ದಳು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಆತನಿರಲಿಲ್ಲ. ಒಪ್ಪಿಗೆಯಿಲ್ಲದೆ ಮಾಡಲು ಆಸ್ಪತ್ರೆಗೆ ಅಧಿಕಾರವಿರಲಿಲ್ಲ. ಜುಲೈ 20ರಂದು ನ್ಯಾಯಾಲಯ ಪರಿಸ್ಥಿತಿಯ ತುರ್ತನ್ನು ಪರಿಗಣಿಸಿ ಮಧ್ಯಂತರ ಅನುಮತಿ ನೀಡಿತು. ಎರಡು ದಿನಗಳಲ್ಲಿ ಆತ ತೀರಿಕೊಂಡ. ವಾಕ್ಕು ನಿಂತವನ ಇಚ್ಛೆಯನ್ನು ಊಹಿಸಲು ಯಾರಿಗೆ ಹಕ್ಕಿದೆ, ಹುಟ್ಟುವ ಮಗುವಿನ ಹಿತವೇನು ಎಂಬ ಪ್ರಶ್ನೆಗಳು ಅಲ್ಲಿ ಎದ್ದವು. ಅವು ಸುಲಭವಾಗಿ ತೀರುವಂಥವಲ್ಲ. ಆದರೆ ಎಲ್ಲರೂ ಐಚ್ಛಿಕವೆನ್ನುತ್ತಿದ್ದ ವಿಷಯ ಆ ಹೆಣ್ಣುಮಗಳ ಪಾಲಿಗೆ ಗಂಟೆಗಳ ಲೆಕ್ಕದ ತುರ್ತಾಗಿತ್ತೆಂಬುದಂತೂ ನಿಶ್ಚಿತ.

ಕಣ್ಣಿಗೆ ಕಾಣದ ಬೀಜ

ಬಡ ದೇಶಗಳಲ್ಲಿ ಸಂತಾನಹೀನತೆಗೆ ಒಂದು ಮುಖ್ಯ ಕಾರಣ ಸೋಂಕು. ಹೆರಿಗೆಯ ಮತ್ತು ಗರ್ಭಪಾತದ ಕಾಲದ ನಂಜು, ಚಿಕಿತ್ಸೆಯಿಲ್ಲದೆ ಉಳಿದ ಜನನಾಂಗದ ರೋಗಗಳು, ಭಾರತದಲ್ಲಿ ವಿಶೇಷವಾಗಿ ಕ್ಷಯ, ಇವು ಗರ್ಭನಾಳಗಳನ್ನು ಮುಚ್ಚಿಬಿಡುತ್ತವೆ. ಶ್ವಾಸಕೋಶದಿಂದ ರಕ್ತದ ಮೂಲಕ ಸಾಗಿ ಗರ್ಭನಾಳದಲ್ಲಿ ನೆಲೆಸುವ ಕ್ಷಯದ ಅಣುಜೀವಿ ಎಷ್ಟೋ ವೇಳೆ ಯಾವ ಲಕ್ಷಣವನ್ನೂ ತೋರುವುದಿಲ್ಲ. ಮದುವೆಯಾಗಿ ಹಲವು ವರ್ಷಗಳಾದ ಮೇಲೆ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗಲೇ ಅದು ತಿಳಿಯುವುದುಂಟು.

2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಆ ಸಂಖ್ಯೆ ಸುಮಾರು 18 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾಗಿ ಸಂಖ್ಯೆ ಇಳಿದುದಲ್ಲ. ಪತ್ತೆಹಚ್ಚುವ ಕೆಲಸ ಕುಂಠಿತವಾಗಿ ಇಳಿಯಿತು. ಆ ವರ್ಷ ಪತ್ತೆಯಾಗದೆ ಉಳಿದ ಕಿಶೋರಿಯರಲ್ಲಿ ಕೆಲವರಾದರೂ ಮುಂದೆ ಸಂತಾನಚಿಕಿತ್ಸೆಯ ಬಾಗಿಲಿಗೆ ಬರಬೇಕಾದೀತು. ಲಕ್ಷಗಟ್ಟಲೆ ವೆಚ್ಚದ ಪ್ರನಾಳ ಚಿಕಿತ್ಸೆಗಿಂತ, ಕ್ಷಯವನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ಗುಣಪಡಿಸುವುದು ಎಷ್ಟೋ ಅಗ್ಗವಾದ ಮತ್ತು ನಿಶ್ಚಿತವಾದ ಮಾರ್ಗ. ಮಹಾಮಾರಿಯಲ್ಲಿ ಇಂತಹ ನಿತ್ಯಸೇವೆಗಳನ್ನು ಕೈಬಿಡುವುದೆಂದರೆ ನಾಳೆಯ ದುಃಖವನ್ನು ಇಂದೇ ಬಿತ್ತಿದಂತೆ.

ಕಾನೂನಿನ ಗಡಿಯಾರ

ಮಹಾಮಾರಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆಗಲೇ, 2022ರ ಜನವರಿ 25ರಿಂದ, ಸಂತಾನಚಿಕಿತ್ಸೆಯ ನೆರವಿನ ತಂತ್ರಜ್ಞಾನ ಹಾಗೂ ಬಾಡಿಗೆ ತಾಯ್ತನವನ್ನು ನಿಯಂತ್ರಿಸುವ ಎರಡು ಕಾಯಿದೆಗಳು ಜಾರಿಗೆ ಬಂದವು. ಹತೋಟಿಯಿಲ್ಲದೆ ಬೆಳೆದಿದ್ದ ಕ್ಷೇತ್ರಕ್ಕೆ ಕಾನೂನು ಅವಶ್ಯವಾಗಿತ್ತು. ಪ್ರನಾಳ ಚಿಕಿತ್ಸೆಗೆ ಸ್ತ್ರೀಗೆ 50, ಪುರುಷನಿಗೆ 55 ವರ್ಷಗಳ ಮೇಲ್ಮಿತಿ ಬಂದಿತು. ಬಾಡಿಗೆ ತಾಯ್ತನವನ್ನು ಬಯಸುವ ದಂಪತಿಗಳಿಗೂ ಅದೇ ಮೇಲ್ಮಿತಿ. ಮಹಾಮಾರಿಯಲ್ಲಿ ವರ್ಷಗಳನ್ನು ಕಳೆದುಕೊಂಡು ಆ ಅಂಚಿಗೆ ಬಂದವರ ವಿಷಯದಲ್ಲಿ ಕಾಯಿದೆ ಮೌನವಾಗಿತ್ತು. ಕಾಯಿದೆಗೆ ಮೊದಲೇ ಭ್ರೂಣಗಳನ್ನು ಹೆಪ್ಪುಗಟ್ಟಿಸಿಟ್ಟು, ಬಾಡಿಗೆ ತಾಯ್ತನಕ್ಕೆ ಸಿದ್ಧರಾಗಿದ್ದ ದಂಪತಿಗಳನ್ನು ವಯಸ್ಸಿನ ಮಿತಿಯಿಂದ ತಡೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2025ರ ಅಕ್ಟೋಬರ್ 9ರಂದು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಪೀಠದಲ್ಲಿದ್ದರು. ನ್ಯಾಯ ದೊರೆಯಿತು, ಆದರೆ ಅದೂ ಮೂರು ವರ್ಷಕ್ಕೂ ಮಿಕ್ಕಿದ ಕಾಯುವಿಕೆಯ ಬಳಿಕ.

ಉಳಿದ ಪಾಠ

ವಯಸ್ಕರಲ್ಲಿ ಆರರಲ್ಲಿ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಸಂತಾನಹೀನತೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಶ್ರೀಮಂತ ದೇಶಗಳಲ್ಲಿ ಇದು ಶೇಕಡಾ 17.8, ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಶೇಕಡಾ 16.5. ದುಃಖ ಹೆಚ್ಚುಕಡಿಮೆ ಸಮಾನ; ಪರಿಹಾರ ಮಾತ್ರ ಅಸಮಾನ. ಅದೇ 2023ರಲ್ಲಿ ಗೋವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಪ್ರನಾಳ ಚಿಕಿತ್ಸೆ ಉಚಿತವಾಗಿ ದೊರೆಯುವಂತಾಯಿತು. 2025ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಂತಾನಹೀನತೆಯ ಬಗೆಗೆ ತನ್ನ ಮೊದಲ ಜಾಗತಿಕ ಮಾರ್ಗಸೂಚಿಯನ್ನು ಹೊರತಂದಿತು. ಇವು ಒಳ್ಳೆಯ ಆರಂಭಗಳು.

2020ರ ಮಾರ್ಚ್‌ನಲ್ಲಿ ಚಿಕಿತ್ಸೆಯನ್ನು ತಡೆದದ್ದು ತಪ್ಪೆಂದು ಹೇಳಲಾಗದು. ಏನೂ ತಿಳಿಯದ ಹೊತ್ತಿನಲ್ಲಿ ಸಂಯಮವೇ ವಿವೇಕ. ಆದರೆ ಇನ್ನೊಬ್ಬರಿಗೆ ಕಾಯಿರಿ ಎನ್ನುವವರ ಮೇಲೆ ಕೆಲವು ಹೊಣೆಗಳು ಬೀಳುತ್ತವೆ. ಎಷ್ಟು ಕಾಲವೆಂದು ಹೇಳಬೇಕು. ಕಾಯುತ್ತಿರುವವರೊಡನೆ ಮಾತು ನಿಲ್ಲಿಸಬಾರದು. ವಹಿಸಿಕೊಂಡ ಭ್ರೂಣಗಳನ್ನು ಕಾಪಾಡಬೇಕು. ಮತ್ತೆ ಬಾಗಿಲು ತೆರೆದಾಗ ಹಣವಿದ್ದವರನ್ನು ಮುಂದೆ ಬಿಡದೆ, ಕಾಲ ಮೀರುತ್ತಿರುವವರನ್ನು ಮೊದಲು ಕರೆಯಬೇಕು. ಕಳೆದುಹೋದ ಕಾಲವನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದತ್ತಿಯಿಂದ ಆಸ್ಪತ್ರೆ ನಡೆಸುವ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ: ಕ್ಷಯದ ತಪಾಸಣೆ, ಶುದ್ಧವಾದ ಹೆರಿಗೆ ಸೇವೆ, ಬಡ ದಂಪತಿಗಳ ಮೊದಲ ಪರೀಕ್ಷೆಗಳ ಖರ್ಚು, ನೊಂದವರಿಗೆ ಆಪ್ತಸಲಹೆ. ಇವು ದೊಡ್ಡ ಯಂತ್ರಗಳನ್ನಾಗಲಿ ಕೋಟಿಗಟ್ಟಲೆ ಹಣವನ್ನಾಗಲಿ ಬೇಡುವ ಕೆಲಸಗಳಲ್ಲ.

ಮಹಾಮಾರಿಗಳು ಮತ್ತೆ ಬಾರದಿರವು. ಮುಂದಿನ ಸಲವೂ ಯಾವುದೋ ಚಿಕಿತ್ಸೆಯನ್ನು ತಡೆಯಬೇಕಾದೀತು. ತಡೆಯುವವರು ಆ ಪಟ್ಟಿಯ ಮೇಲೆ ಐಚ್ಛಿಕವೆಂದು ಬರೆಯುವ ಮೊದಲು, ಅದರಲ್ಲಿರುವ ಪ್ರತಿಯೊಂದು ಹೆಸರಿನ ಮುಂದೆ ವಯಸ್ಸನ್ನೂ ಓದಿ ನೋಡಲಿ.